ಎಡಚಿ ಹಾಕಿದ ಗಂಟು

ಹಳೆಯ ವಿಮಾನ ದುರಸ್ತಿ ಮಾಡಿ ಮಾರುವ ನನ್ನ ಶೆಡ್ಡಿನಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವವಳು ಎಡಚಿ. ಎಡಗೈಯಲ್ಲಿ ಸೂಜಿ ಹಿಡಿಯುತ್ತಿದ್ದುದರಿಂದ ಆ ಹೆಸರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದನ್ನು ಹಿಡಿದು ಕರೆಯುತ್ತಿದ್ದವನು ಅವಳ ಅಣ್ಣ ಒಬ್ಬನೇ, ಅವನು ಸತ್ತು ಆರು ವರ್ಷವಾಗಿತ್ತು. ಅವನನ್ನು ಕೊಂದದ್ದು ಇವಳ ಎಡಗೈಯೇ ಎಂದು ಬೀದಿಯವರೆಲ್ಲ ನಂಬಿದ್ದರು. ಅವಳೂ ಹೆಚ್ಚುಕಡಿಮೆ ನಂಬಿದ್ದಳು.

ಅದು ಅರ್ಥವಾಗಬೇಕಾದರೆ ಅವಳ ಕೆಲಸ ಏನೆಂದು ಸ್ವಲ್ಪ ತಿಳಿಯಬೇಕು. ಯುದ್ಧಕಾಲದ ತರಬೇತಿ ವಿಮಾನವೆಂದರೆ ಕಬ್ಬಿಣದ ಹಕ್ಕಿ ಎಂದುಕೊಂಡವರು ಅದನ್ನು ಮುಟ್ಟಿ ನೋಡಿದವರಲ್ಲ. ಒಳಗೆ ಮರದ ಚೌಕಟ್ಟು, ಅಡ್ಡಡ್ಡ ತಂತಿ, ಮೇಲೆ ಬಟ್ಟೆ. ಎಡಕ್ಕೆ ಎರಡು, ಬಲಕ್ಕೆ ಎರಡು, ಒಂದರ ಮೇಲೊಂದು ರೆಕ್ಕೆ. ಮುಂದೊಂದು ಸೀಟು, ಹಿಂದೊಂದು ಸೀಟು, ಎರಡಕ್ಕೂ ಆಕಾಶವೇ ಸೂರು. ಬಟ್ಟೆ ಒಣಹಾಕುವ ಚೌಕಟ್ಟಿಗೆ ಮೋಟಾರು ಕಟ್ಟಿ ಮೇಲಕ್ಕೆ ಬಿಟ್ಟ ಹಾಗೆ. ಮೀಸೆ ಮೂಡದ ಹುಡುಗರು ಯುದ್ಧಕ್ಕೆ ಹೋಗುವ ಮುಂಚೆ ಹಾರಲು ಕಲಿತದ್ದು ಇದರಲ್ಲೇ. ಕೆಲವರು ಕಲಿಯುವಾಗಲೇ ತೀರಿಕೊಂಡು, ಯುದ್ಧಕ್ಕೆ ಹೋಗುವ ತೊಂದರೆ ಉಳಿಸಿಕೊಂಡರು.

ರೆಕ್ಕೆಯ ಉದ್ದಕ್ಕೂ ಮೀನಿನ ಮುಳ್ಳಿನಂತೆ ಮರದ ಪಟ್ಟಿಗಳಿರುತ್ತವೆ. ಬಟ್ಟೆಯನ್ನು ಆ ಪಟ್ಟಿಗಳಿಗೆ ಸೇರಿಸಿ ಹೊಲಿಯಬೇಕು. ರೆಕ್ಕೆಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ ಆಚೆ ಒಬ್ಬರು, ಈಚೆ ಒಬ್ಬರು ಕೂರುತ್ತಾರೆ. ಮೊಳದುದ್ದದ ಸೂಜಿ. ಈಚೆಯವರು ಪಟ್ಟಿಯ ಒಂದು ಪಕ್ಕದಿಂದ ಚುಚ್ಚಿ ದಾಟಿಸಿದರೆ, ಆಚೆಯವರು ಹಿಡಿದೆಳೆದು ಇನ್ನೊಂದು ಪಕ್ಕದಿಂದ ವಾಪಸು ಕಳಿಸುತ್ತಾರೆ. ಈಚೆಯವರು ಮೇಣ ಹಚ್ಚಿದ ದಾರವನ್ನು ಬಿಗಿದು ಗಂಟು ಹಾಕುತ್ತಾರೆ. ಒಂದು ಪಟ್ಟಿಗೆ ಹದಿನೆಂಟು ಹೊಲಿಗೆ, ಹದಿನೆಂಟು ಗಂಟು. ಗಂಟು ಹಾಕುವವರ ಬೆರಳು ಕಿತ್ತುಬರುವುದರಿಂದ ಆಗಾಗ ಜಾಗ ಬದಲಾಯಿಸುವುದುಂಟು. ಆದರೆ ಒಂದು ಪಟ್ಟಿ ಹಿಡಿದವರು ಅದನ್ನು ಮುಗಿಸಿಯೇ ಏಳಬೇಕು. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ಮನೆಜಗಳ.

ಎಡಚಿಯ ಎದುರು ಕೂರುತ್ತಿದ್ದವಳು ಅವಳ ಅತ್ತಿಗೆ, ಆ ಸತ್ತ ಅಣ್ಣನ ಹೆಂಡತಿ. ಇಬ್ಬರ ನಡುವೆ ಆರು ವರ್ಷದಿಂದ ಮಾತಿಲ್ಲ. ಒಂದೇ ಮನೆ, ಎರಡು ಒಲೆ. ಶೆಡ್ಡಿನಲ್ಲಿ ಮೇಣ ಮುಗಿದರೆ ಅತ್ತಿಗೆ ಅದನ್ನು ಗೋಡೆ ಗಡಿಯಾರಕ್ಕೆ ಹೇಳುತ್ತಿದ್ದಳು. ಎಡಚಿ ಎದ್ದು ಹೋಗಿ ತಂದು ರೆಕ್ಕೆಯ ಕೆಳಗಿನಿಂದ ಉರುಳಿಸುತ್ತಿದ್ದಳು. ಬಟ್ಟೆ ಹೊದಿಸಿದ ಮೇಲೆ ಒಬ್ಬರ ಮುಖ ಒಬ್ಬರಿಗೆ ಕಾಣದ ಕೆಲಸ, ಹಾಗಾಗಿ ಮುನಿಸಿಕೊಂಡವರಿಗೆ ಹೇಳಿ ಮಾಡಿಸಿದಂತಿತ್ತು. ಅತ್ತಿಗೆಯ ಸೂಜಿ ದಿನಕ್ಕೆ ಮೂರು ನಾಲ್ಕು ಸಲ ದಾರಿ ತಪ್ಪಿ ಎಡಚಿಯ ಕೈಗೆ ಚುಚ್ಚುತ್ತಿತ್ತು. ಎಡಚಿ ಬೆರಳನ್ನು ಬಾಯಿಗಿಟ್ಟುಕೊಂಡು ರಕ್ತ ನಿಂತ ಮೇಲೆ ಮುಂದುವರಿಸುತ್ತಿದ್ದಳು. ಅಷ್ಟು ಪಳಗಿದ ಕೈ ಅಷ್ಟು ಸಲ ತಪ್ಪುವುದಿಲ್ಲವೆಂದು ನನಗೂ ಗೊತ್ತಿತ್ತು. ಹೊಲಿಗೆ ನೆಟ್ಟಗಿತ್ತು, ನಾನು ಬಾಯಿ ಹಾಕಲಿಲ್ಲ.

ಯುದ್ಧ ನಡೆಯುವಾಗ ಊರ ಹೊರಗಿನ ಬಯಲಿನಲ್ಲಿ ಸೈನ್ಯದವರು ಹಾರಾಟದ ಶಾಲೆ ತೆರೆದಿದ್ದರು. ಅಣ್ಣ ಅಲ್ಲಿ ತಂತಿ ಬಿಗಿಯುವವನು. ರೆಕ್ಕೆಗಳ ನಡುವಿನ ತಂತಿಯನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿಯೇ ಸಡಿಲವೋ ಬಿಗಿಯೋ ಹೇಳುತ್ತಿದ್ದನಂತೆ. ಹೆಂಡತಿಯನ್ನೂ ತಂಗಿಯನ್ನೂ ಅಲ್ಲಿನ ಹೊಲಿಗೆಯ ಕೋಣೆಗೆ ಸೇರಿಸಿದವನು ಅವನೇ. ಆಗ ಇವರಿಬ್ಬರೂ ಜೀವದ ಗೆಳತಿಯರು. ಮೇಲ್ವಿಚಾರಕನ ಮೀಸೆಯ ಚಿತ್ರ ಬರೆದು, ಚೀಟಿ ಸುತ್ತಿ, ಸೂಜಿಯ ಕಣ್ಣಿಗೆ ಸಿಕ್ಕಿಸಿ ಆಚೆ ದಾಟಿಸುತ್ತಿದ್ದರಂತೆ. ರೆಕ್ಕೆಯ ಎರಡೂ ಕಡೆಯಿಂದ ಒಟ್ಟಿಗೆ ನಗು ಕೇಳಿಸುತ್ತಿತ್ತಂತೆ.

ಶಾಲೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಬಟ್ಟೆ ಹೊದಿಸಿದ ವಿಮಾನ ಮೊದಲ ಸಲ ಮೇಲೇರುವಾಗ ಅದಕ್ಕೆ ಕೈ ಹಚ್ಚಿದವರಲ್ಲಿ ಒಬ್ಬರು ಮುಂದಿನ ಸೀಟಿನಲ್ಲಿ ಕೂರಬೇಕು. ಕೆಲಸ ಚೊಕ್ಕಟವಾಗಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಯಾವ ಕಾರ್ಖಾನೆಯಲ್ಲೂ ಕಂಡಿಲ್ಲ. ಅಣ್ಣನಿಗೆ ಹಾರುವ ಹುಚ್ಚು, ಅವನೇ ಓಡಿ ಹೋಗಿ ಹತ್ತುತ್ತಿದ್ದ. ಒಂದು ದಿನ ಹಾಗೇ ಹತ್ತಿದ. ಎಡಗಡೆಯ ಮೇಲ್ರೆಕ್ಕೆಯ ಬಟ್ಟೆ ಗಾಳಿ ತುಂಬಿ ಉಬ್ಬಿತು, ಹರಿಯಿತು, ವಿಮಾನ ಪಕ್ಕಕ್ಕೆ ವಾಲಿ ಬಂದು ಬಯಲಿನ ಅಂಚಿನಲ್ಲಿ ಬಿತ್ತು. ಹಿಂದಿನ ಸೀಟಿನ ಪೈಲಟ್‌ನ ಕಾಲು ಮುರಿಯಿತು. ಮುಂದಿನ ಸೀಟು ಮೊದಲು ನೆಲ ಮುಟ್ಟುತ್ತದೆ.

ವಿಚಾರಣೆಗೆ ಮೂವರು ಅಧಿಕಾರಿಗಳು ಕೂತರು. ಐದನೆಯ ಪಟ್ಟಿಯಲ್ಲಿ ಹದಿನೆಂಟರಲ್ಲಿ ನಾಲ್ಕಕ್ಕೆ ಮಾತ್ರ ಗಂಟಿದೆ, ಆರಂಭದಲ್ಲಿ ಎರಡು, ಕೊನೆಯಲ್ಲಿ ಎರಡು. ನಡುವಿನ ಹದಿನಾಲ್ಕರಲ್ಲಿ ಬರೀ ದಾರ ಹೊಕ್ಕು ಬಂದಿದೆ ಎಂದು ಕಂಡುಹಿಡಿದರು. ಆ ಪಟ್ಟಿಯಲ್ಲಿ ಗಂಟಿನ ಕಡೆ ಕೂತವರು ಯಾರು ಎಂದು ಕೇಳಿದರು. ಅತ್ತಿಗೆ ನೆನಪಿಲ್ಲ ಎಂದಳು. ಎಡಚಿಗೆ ನಿಜಕ್ಕೂ ನೆನಪಿರಲಿಲ್ಲ. ಆ ವಾರ ಅವರು ಹೊಲಿದದ್ದು ಹದಿಮೂರು ರೆಕ್ಕೆ. ಆ ರೆಕ್ಕೆಯನ್ನು ಇಬ್ಬರಿಗೂ ಒಮ್ಮೆ ತೋರಿಸಿದ್ದರೆ ಸಾಕಿತ್ತು. ಎಡಗೈಯವರ ಗಂಟು ಒಂದು ಕಡೆ ಮಲಗಿದರೆ ಬಲಗೈಯವರದು ಇನ್ನೊಂದು ಕಡೆ ಮಲಗುತ್ತದೆ, ಹೊಲಿಯುವವರಿಗೆ ಅದು ಮುಖ ನೋಡಿದಷ್ಟು ಸಲೀಸು. ಅಧಿಕಾರಿಗಳಿಗೆ ಹಾರುವುದು ಗೊತ್ತಿತ್ತು, ಹೊಲಿಯುವುದು ಗೊತ್ತಿರಲಿಲ್ಲ. ಇಬ್ಬರದೂ ಅಜಾಗರೂಕತೆ ಎಂದು ಬರೆದು, ರೆಕ್ಕೆಗೆ ಕೆಂಪು ಚೀಟಿ ಕಟ್ಟಿ ಉಗ್ರಾಣಕ್ಕೆ ಹಾಕಿ ಬೀಗ ಜಡಿದರು.

ಮನೆಯಲ್ಲಿ ತೀರ್ಪಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಹೆಣ ಬಾಗಿಲಿಗೆ ಬರುವ ಮುಂಚೆಯೇ ಅತ್ತಿಗೆ ಎಡಗೈ, ಎಡಗೈ ಎಂದು ಕೂಗಿದ್ದನ್ನು ಇಡೀ ಬೀದಿ ಕೇಳಿತು. ಅಣ್ಣನಿಗೆ ಆರು ವರ್ಷದ ಮಗಳಿದ್ದಳು. ಹುಟ್ಟಿದಾಗಿನಿಂದ ಎಡಚಿಯ ಮಗ್ಗುಲಲ್ಲಿ ಮಲಗಿದ್ದವಳು, ಬೆಳಗ್ಗೆ ಅವಳ ಕೈಯಲ್ಲೇ ಜಡೆ ಹಾಕಿಸಿಕೊಳ್ಳುತ್ತಿದ್ದವಳು. ಅಪ್ಪನನ್ನು ಕೊಂದ ಕೈ ಮುಟ್ಟಬೇಡ ಎಂದು ತಾಯಿ ಹೇಳಿದಳು. ಮಗು ಹೇಳಿದ್ದಕ್ಕಿಂತ ಹೆಚ್ಚೇ ಪಾಲಿಸಿತು. ಬೀದಿಯಲ್ಲಿ ಅತ್ತೆ ಎದುರಾದರೆ ಆಚೆ ಬದಿಗೆ ದಾಟುವುದು, ಅವಳಿಟ್ಟ ನೀರನ್ನು ಚೆಲ್ಲಿ ಬೇರೆ ತುಂಬಿಕೊಳ್ಳುವುದು, ‘ಅತ್ತೆ’ ಎನ್ನುವುದನ್ನು ಬಿಟ್ಟು ‘ಅವಳು’ ಎನ್ನುವುದು. ಎಡಚಿ ಎದುರು ಮಾತಾಡಲಿಲ್ಲ. ತಾನು ಮಾಡಿಲ್ಲವೆಂದು ಅವಳಿಗೇ ಗೊತ್ತಿಲ್ಲದ ಮೇಲೆ ಏನೆಂದು ಹೇಳುವುದು?

ಯುದ್ಧ ಮುಗಿಯಿತು. ಶಾಲೆ ಮುಚ್ಚಿತು. ವಿಮಾನಗಳನ್ನು ಹರಾಜಿಗಿಟ್ಟರು. ಇದ್ದದ್ದು ಇದ್ದ ಹಾಗೆ, ಕಂಡದ್ದು ಕಂಡ ಹಾಗೆ ಎಂಬುದು ಕರಾರು. ಅದಕ್ಕೆ ಮುಂಚೆ ನಾನು ಹಳೆಯ ಲಾರಿ, ಹಳೆಯ ಪಂಪ್‌ಸೆಟ್ಟು ಮಾರುತ್ತಿದ್ದವನು. ಒಂಬತ್ತು ವಿಮಾನ, ಜೊತೆಗೆ ಉಗ್ರಾಣದ ರಾಶಿ ರೆಕ್ಕೆಗಳನ್ನು ಹಿಡಿದೆ. ಕೊಳ್ಳುವವರು ಎಂಥವರೆಂದು ಕೇಳಬೇಡಿ. ಒಬ್ಬ ಫೋಟೋ ತೆಗೆಯುವವನು, ಒಬ್ಬ ಬಿಸ್ಕತ್ತು ಮಾಡುವವನು, ಹೆಂಡತಿಯಿಂದ ಸ್ವಲ್ಪ ಹೊತ್ತು ದೂರವಿರಲು ಬೇರೆ ದಾರಿ ತೋಚದ ಒಬ್ಬ ವಕೀಲ. ಸೈನ್ಯದ ಸಾಮಾನು ಸಾಮಾನ್ಯರ ಕೈಗೆ ಹೋಗಬೇಕಾದರೆ ಹಳೆಯ ಬಟ್ಟೆಯನ್ನೆಲ್ಲ ಬಿಚ್ಚಿ ಹೊಸದು ಹೊದಿಸಲೇಬೇಕೆಂದು ಇನ್ಸ್‌ಪೆಕ್ಟರ್ ಹಟ ಹಿಡಿದ. ಊರೆಲ್ಲ ಹುಡುಕಿದರೂ ಆ ಹೊಲಿಗೆ ಬಲ್ಲ ಜೋಡಿ ಉಳಿದಿದ್ದದ್ದು ಒಂದೇ, ಅದೂ ಒಂದೇ ಮನೆಯಲ್ಲಿ. ಬಾಗಿಲು ತಟ್ಟಿದೆ. ಎರಡು ಕೋಣೆಯಿಂದ ಇಬ್ಬರು ಬಂದರು. ಇಬ್ಬರಿಗೂ ಬೇರೆಬೇರೆಯಾಗಿ ಹೇಳಬೇಕಾಯಿತು, ಇಬ್ಬರೂ ಬೇರೆಬೇರೆಯಾಗಿ ಒಪ್ಪಿದರು.

ಮೂರನೆಯ ವಿಮಾನದ ಕೆಲಸ ನಡೆಯುವಾಗ ಎಡಚಿ ರಾಶಿಯಲ್ಲಿ ಆ ಕೆಂಪು ಚೀಟಿಯನ್ನು ಕಂಡಳು. ರೆಕ್ಕೆ ಅಡಿಯಲ್ಲಿ ಸಿಕ್ಕಿಕೊಂಡಿತ್ತು, ಬರೀ ತುದಿ ಮತ್ತು ಚೀಟಿ ಕಾಣುತ್ತಿದ್ದವು. ನೇರ ನನ್ನ ಮೇಜಿನ ಹತ್ತಿರ ಬಂದಳು.

“ಯಜಮಾನ್ರೇ, ಆ ರೆಕ್ಕೆ ಒಂದು ಗಳಿಗೆ ಹೊರಗೆ ತೆಗೆಸಿ. ಐದನೇ ಪಟ್ಟಿ ನೋಡ್ಕೋಬೇಕು. ನಂದಾದ್ರೆ ನಂದು ಅಂತ ಒಪ್ಕೋತೀನಿ. ಅಲ್ಲ ಅಂದ್ರೆ ಮಗೂಗೆ ತೋರಿಸ್ಬೇಕು.”

ನಾನು ಯೋಚಿಸಿದೆ. ಅದು ಇವಳದಾದರೆ ಇವಳು ಎದ್ದು ಹೋಗುತ್ತಾಳೆ, ಅವಳದಾದರೆ ಅವಳು ಎದ್ದು ಹೋಗುತ್ತಾಳೆ. ಹೇಗಿದ್ದರೂ ಆರು ವಿಮಾನ ಬೆತ್ತಲೆ ಉಳಿಯುತ್ತವೆ. ಒಂಬತ್ತೂ ಮುಗಿಯಲಿ, ಆ ರೆಕ್ಕೆ ನಿನಗೇ ಕೊಟ್ಟುಬಿಡುತ್ತೇನೆ, ಬೇಕಾದರೆ ಮನೆಗೆ ಹೊತ್ತುಕೊಂಡು ಹೋಗು ಎಂದೆ. ತಲೆಯಾಡಿಸಿ ಹೋಗಿ ಕೂತಳು. ಅಂದಿನಿಂದ ಅವಳ ಕೈ ಓಡಿದ್ದನ್ನು ನೋಡಬೇಕಿತ್ತು.

ಎರಡು ದಿನ ಬಿಟ್ಟು ಎಡಚಿ ನಲ್ಲಿಯ ಹತ್ತಿರ ಕೈ ತೊಳೆಯಲು ಹೋದಾಗ ಅತ್ತಿಗೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಆ ಚೀಟಿಯ ರೆಕ್ಕೆ ಸುಟ್ಟುಬಿಡಿ ಎಂದಳು. ಯಾಕಮ್ಮ ಎಂದೆ. ತನ್ನ ಬೆರಳಿನ ಮೇಣ ಕೆರೆದುಕೊಂಡಳು.

“ಆವತ್ತು ಮಗೂಗೆ ಮೈ ಸುಡ್ತಾ ಇತ್ತು. ಬೇಗ ಮನೆಗೆ ಹೋಗ್ಬೇಕಿತ್ತು.”

ಅಷ್ಟೇ ಹೇಳಿದ್ದು. ನಾನು ಇನ್ನೇನೂ ಕೇಳಬೇಕಾಗಿರಲಿಲ್ಲ. ಅವಳಿಗೂ ಅದೇ ಉತ್ತರ ಕೊಟ್ಟೆ, ಒಂಬತ್ತೂ ಮುಗಿಯಲಿ, ಸುಡೋಣ ಎಂದೆ. ಒಂದೇ ಸರಕನ್ನು ಇಬ್ಬರಿಗೆ ಮಾತು ಕೊಟ್ಟ ವ್ಯಾಪಾರ ನನ್ನ ಜೀವಮಾನದಲ್ಲಿ ಅದೊಂದೇ. ಒಬ್ಬಳು ಅದನ್ನು ಬಿಚ್ಚುವ ಆಸೆಗೆ, ಇನ್ನೊಬ್ಬಳು ಮುಚ್ಚುವ ಆಸೆಗೆ ಎಂಟು ತಿಂಗಳು ಒಂದು ದಿನವೂ ತಪ್ಪಿಸದೆ ಬಂದರು.

ವಿಮಾನ ಹಾರಿಸಿ ಪರೀಕ್ಷಿಸಲು ನನಗೆ ಸಿಕ್ಕ ಪೈಲಟ್ ಅಣ್ಣನ ಜೊತೆ ಬಿದ್ದವನೇ. ಕಾಲು ಕೂಡಿತ್ತು, ಆದರೆ ಒಂದು ಗಿಡ್ಡ. ಎಲ್ಲರೂ ಕುಂಟ ಪೈಲಟ್ ಎನ್ನುತ್ತಿದ್ದರು, ಅವನೂ ಹಾಗೇ ಪರಿಚಯ ಮಾಡಿಕೊಳ್ಳುತ್ತಿದ್ದ. ಸೈನ್ಯ ಹೋದರೂ ಅವನು ಹಳೆಯ ಕಟ್ಟಳೆ ಬಿಡಲಿಲ್ಲ. ಹೊಲಿದವರು ಮುಂದೆ ಕೂರದಿದ್ದರೆ ಎಂಜಿನ್ ಮುಟ್ಟುವುದಿಲ್ಲ ಎಂದ. ಪ್ರತಿ ಸಲ ಎಡಚಿಯೇ ಎದ್ದು ಹೋಗಿ ಹತ್ತುತ್ತಿದ್ದಳು. ಒಮ್ಮೆ ಅವನು ಇಳಿದು ಬಂದು ನನಗೆ ಹೇಳಿದ, “ಇವಳು ಕೆಳಗೆ ನೋಡೋದೇ ಇಲ್ಲ ಕಣ್ರೀ. ಎಡಗಡೆ ಮೇಲ್ರೆಕ್ಕೆ ನೋಡ್ತಾ ಕೂತಿರ್ತಾಳೆ. ಹರೀಲಿ ಅಂತ ಕಾಯ್ತಾಳೋ ಹರೀದೇ ಇರಲಿ ಅಂತ ಕಾಯ್ತಾಳೋ ನಂಗಂತೂ ಗೊತ್ತಾಗಲ್ಲ.”

ಎಂಟು ಹೋದವು. ಒಂಬತ್ತನೆಯದು ಹಲ್ಲಿನ ಡಾಕ್ಟರಿಗೆ. ಬಾಲದ ಮೇಲೆ ದೊಡ್ಡದೊಂದು ಬಿಳಿ ಹಲ್ಲು ಬರೆಸಬೇಕೆಂದು ಹೇಳಿ, ಶನಿವಾರ ಬರುತ್ತೇನೆಂದಿದ್ದರು. ಆ ವಿಮಾನದ ಎಡಗಡೆಯ ಮೇಲ್ರೆಕ್ಕೆ ಬಿಚ್ಚಿ ನೋಡಿದರೆ ಒಳಗೆಲ್ಲ ಗೆದ್ದಲು. ಇನ್ಸ್‌ಪೆಕ್ಟರ್ ಒಪ್ಪಲಿಲ್ಲ. ರಾಶಿಯಲ್ಲಿ ಅದಕ್ಕೆ ಹೊಂದುವ ಗಟ್ಟಿ ರೆಕ್ಕೆ ಒಂದೇ ಇತ್ತು, ಕೆಂಪು ಚೀಟಿಯದು. ಹರಿದಿದ್ದದ್ದು ಬಟ್ಟೆ, ಮರಕ್ಕೆ ತುದಿಯ ಹೊರತು ಏನೂ ಆಗಿರಲಿಲ್ಲ. ಭಾನುವಾರ ಹೆಂಗಸರಿಲ್ಲದಾಗ ಬಡಗಿಯನ್ನು ಕರೆಸಿ ಬಟ್ಟೆಯನ್ನೂ ಗಂಟುಗಳನ್ನೂ ಕಿತ್ತು ಅಂಟು ಕಾಯಿಸುವ ಒಲೆಗೆ ಹಾಕಿಸಿದೆ, ತುದಿಗೆ ಹೊಸ ಮರ ಕೂಡಿಸಿದೆ. ಗಂಟು ಯಾವ ಕಡೆ ಮಲಗಿದೆಯೆಂದು ನೋಡಲಿಲ್ಲ. ಜ್ವರದ ಮಾತು ಕೇಳಿದ ಮೇಲೆ ನೋಡುವುದೇನಿತ್ತು? ಸೋಮವಾರ ಇಬ್ಬರಿಗೂ, ಆ ರೆಕ್ಕೆ ರದ್ದಿಗೆ ಹೋಯಿತು ಎಂದೆ. ಅತ್ತಿಗೆಯ ಹೆಗಲು ನಾನು ಕಂಡ ಮಟ್ಟಿಗೆ ಮೊದಲ ಸಲ ಕೆಳಗಿಳಿಯಿತು. ಎಡಚಿ ಮೇಣದ ಉಂಡೆ ತೆಗೆದುಕೊಂಡು ಹೋಗಿ ಕೂತಳು.

ಬಟ್ಟೆ ಹೊದಿಸುವ ಮುಂಚೆ ಸಿಬರು ಎದ್ದಿದೆಯೇ ಎಂದು ಬರಿ ಮರದ ಮೇಲೆ ಕೈಯಾಡಿಸಿ ನೋಡುವುದು ಅವಳ ಪದ್ಧತಿ. ಒಂದು, ಎರಡು, ಮೂರು, ನಾಲ್ಕು ಪಟ್ಟಿ ಸವರಿದಳು. ಐದರ ಮೇಲೆ ಹೆಬ್ಬೆರಳು ನಿಂತಿತು.

ನಾನು ಮರ ಮೂಕವೆಂದುಕೊಂಡಿದ್ದೆ. ಗಂಟು ಬಿಗಿಯುವಾಗ ದಾರ ಮರವನ್ನು ಸಣ್ಣಗೆ ಕಚ್ಚುತ್ತದಂತೆ. ಬಲಗೈಯವರ ಕಚ್ಚು ಒಂದು ಕಡೆ ವಾಲಿದರೆ ಎಡಗೈಯವರದು ಇನ್ನೊಂದು ಕಡೆ. ಆ ಪಟ್ಟಿಯಲ್ಲಿ ಮೇಲೆ ಎರಡು ಕಚ್ಚು, ಕೆಳಗೆ ಎರಡು ಕಚ್ಚು, ನಾಲ್ಕೂ ಬಲಗೈಯವು. ನಡುವೆ ಹದಿನಾಲ್ಕು ಕಡೆ ಕಚ್ಚಿಲ್ಲ, ಸಡಿಲ ದಾರ ಉಜ್ಜಿ ಉಜ್ಜಿ ಮರ ಹೊಳೆಯುತ್ತಿತ್ತು. ಅವಳು ಮತ್ತೊಮ್ಮೆ ಸವರಿದಳು. ಮೂರನೆಯ ಸಲ ಕಣ್ಣು ಮುಚ್ಚಿ ಸವರಿದಳು.

ರೆಕ್ಕೆಗೆ ಇನ್ನೂ ಬಟ್ಟೆಯಿರಲಿಲ್ಲ. ಪಟ್ಟಿಗಳ ಸಂದಿಯಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಆಚೆಯಿಂದ ಅತ್ತಿಗೆಯೂ ಕೈ ಚಾಚಿ ಅದೇ ಪಟ್ಟಿ ಮುಟ್ಟಿದಳು, ಮುಟ್ಟಿ ತಟ್ಟನೆ ಕೈ ತೆಗೆದಳು.

“ಇದು ಅದೇ ಅಲ್ವಾ, ಯಜಮಾನ್ರೇ?” ಎಂದಳು ಎಡಚಿ.

ಮರ ಅವಳ ಕೈಯಲ್ಲಿರುವಾಗ ಸುಳ್ಳು ಹೇಳಿ ಲಾಭವಿರಲಿಲ್ಲ. ಹೌದೆಂದೆ. ಆಮೇಲೆ ಒಂದು ಮಾತು ಹೇಳಿದೆ, ನಾನು ಅದನ್ನು ಹೇಳಿದ್ದೆನೆಂದು ಇಲ್ಲಿ ಬರೆದಿಡುತ್ತೇನೆ. ಹುಡುಗಿಯನ್ನು ಶಾಲೆಯ ಊಟದ ಬಿಡುವಿನಲ್ಲಿ ಕರೆಸು, ಮಧ್ಯಾಹ್ನದವರೆಗೆ ಬಟ್ಟೆ ಹಾಕುವುದು ಬೇಡ ಎಂದೆ. ಅರ್ಧ ದಿನ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗೂ ಇತ್ತು.

ಎಡಚಿ ಸಂದಿಯಿಂದ ಅತ್ತಿಗೆಯನ್ನೇ ನೋಡುತ್ತಿದ್ದಳು. ಅತ್ತಿಗೆ ಅಳುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ, ಗಡಿಯಾರದ ಕಡೆ ಮುಖ ಮಾಡಿ ಕೂತಿದ್ದಳು. ಬಹುಶಃ ಅದೇ ತಪ್ಪಾಯಿತು.

“ಬೇಡ. ಮುಚ್ಚೋಣ,” ಎಂದಳು ಎಡಚಿ. “ಗಂಟಿನ ಕಡೆ ಪೂರ್ತಿ ನಾನೇ ಕೂರ್ತೀನಿ.”

ಕ್ಷಮಿಸಿಬಿಟ್ಟಳಲ್ಲ, ಎಂಥ ಹೆಣ್ಣು ಎಂದುಕೊಂಡೆ. ಸರಕಿನ ಬೆಲೆ ಕಟ್ಟುವುದರಲ್ಲಿ ನಾನು ಮೋಸ ಹೋಗಿದ್ದು ಕಡಿಮೆ, ಮನುಷ್ಯರ ವಿಷಯದಲ್ಲಿ ಹಾಗೆ ಹೇಳಲಾರೆ. ಅವರು ಎರಡು ದಿನ ಹೊಲಿದರು. ಆ ಎರಡು ದಿನ ಅತ್ತಿಗೆಯ ಸೂಜಿ ಒಂದು ಸಲವೂ ದಾರಿ ತಪ್ಪಲಿಲ್ಲ. ಬಟ್ಟೆಯ ಆಚೆ ಗಂಟು ಬೀಳುತ್ತಿದೆಯೋ ಇಲ್ಲವೋ ಅವಳಿಗೆ ಕಾಣುವಂತಿರಲಿಲ್ಲ. ದಾರ ಎಳೆದ ಸದ್ದು ಮಾತ್ರ ಕೇಳುತ್ತಿತ್ತು, ಕೆಲವು ಸಲ ಅದೂ ಇಲ್ಲ. ಹೊಲಿಗೆ ಮುಗಿದೊಡನೆ ಎಡಚಿ ತಾನೇ ಅದರ ಮೇಲೆ ಕಿರಿದಾದ ಬಟ್ಟೆ ಅಂಟಿಸಿ, ಮೂರು ಸಲ ವಾರ್ನಿಷ್ ಬಳಿದು, ಬೆಳ್ಳಿ ಬಣ್ಣ ಹೊಡೆದಳು. ಒಳಗಿನದು ಒಳಗೇ ಆಯಿತು.

ಶನಿವಾರ ಮಧ್ಯಾಹ್ನ ಹಲ್ಲಿನ ಡಾಕ್ಟರು ಕೈಗವಸು, ಕನ್ನಡಕ, ಚರ್ಮದ ಟೋಪಿ ಸಮೇತ ಬಂದರು. ಅರ್ಧ ದಿನದ ಶಾಲೆ ಮುಗಿಸಿ ಹುಡುಗಿಯೂ ಹಲ್ಲು ಬರೆದ ವಿಮಾನ ನೋಡಲು ಬಂದಿದ್ದಳು. ಹನ್ನೆರಡು ವರ್ಷ, ಜಡೆ ತಾನೇ ಹಾಕಿಕೊಂಡದ್ದು, ಸೊಟ್ಟಗಿತ್ತು. ಕುಂಟ ಪೈಲಟ್ ಹಿಂದಿನ ಸೀಟಿಗೆ ಹತ್ತಿ, ಮುಂದೆ ಬರುವವರು ಬರಲಿ ಎಂದ. ಎಡಚಿ ಅಲುಗಲಿಲ್ಲ.

“ಈ ಸಲ ಅತ್ತಿಗೆ ಹತ್ತಲಿ. ಎಂಟು ಸಲ ನಾನೊಬ್ಬಳೇ ಗಾಳಿ ಕುಡಿದಿದ್ದೀನಿ.”

ಅತ್ತಿಗೆ ತನಗೆ ತಲೆ ಸುತ್ತುತ್ತದೆಂದು ಯಾರಿಗೂ ಅಲ್ಲದಂತೆ ಹೇಳಿದಳು. ಹಲ್ಲಿನ ಡಾಕ್ಟರಿಗೆ ತಮಾಷೆ. ಹೊಲಿದವರೇ ಹತ್ತಲು ಹೆದರಿದರೆ ತಾನು ಹೇಗೆ ಕೊಂಡುಕೊಳ್ಳುವುದು ಎಂದು ನಕ್ಕರು, ಆದರೆ ನನ್ನ ಮುಖ ನೋಡುತ್ತಾ ನಕ್ಕರು. ನಾನು ಅತ್ತಿಗೆಗೆ ಹತ್ತಮ್ಮ ಎಂದೆ. ಅವಳು ಮಗಳ ಕಡೆ ನೋಡಿದಳು.

“ಹೋಗಮ್ಮ,” ಎಂದಳು ಹುಡುಗಿ. “ಅವಳೇ ಎಂಟು ಸಲ ಹೋಗಿದ್ದಾಳೆ, ನಿಂಗೇನು?”

ಹತ್ತುವುದಿಲ್ಲವೆಂದರೆ ಯಾಕೆಂದು ಹೇಳಬೇಕು, ಹೇಳಿದರೆ ಮಗಳ ಎದುರೇ ಹೇಳಬೇಕು. ಅತ್ತಿಗೆ ನಾದಿನಿಯ ಹತ್ತಿರ ನಡೆದು ಹೋದಳು. ಆರು ವರ್ಷದ ಮೇಲೆ ಮುಖ ನೋಡಿ ಆಡಿದ ಮೊದಲ ಮಾತನ್ನು ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು ಕೇಳಿಸಿಕೊಂಡೆ.

“ಐದನೇ ಪಟ್ಟಿಗೆ ಗಂಟು ಹಾಕಿದ್ಯಾ?”

“ನೀವು ಹಾಕಿದ ಹಾಗೇ ಹಾಕಿದೀನಿ, ಅತ್ತಿಗೆ.”

ಅತ್ತಿಗೆ ಹತ್ತಿದಳು. ಸೀಟಿನ ಬೆಲ್ಟುಗಳನ್ನು ಬಿಗಿದದ್ದೂ ಎಡಚಿಯೇ, ಮಗುವಿಗೆ ಗುಂಡಿ ಹಾಕುವ ಹಾಗೆ ಒಂದೊಂದನ್ನೇ ಎಳೆದು ನೋಡಿ ಬಿಗಿದಳು.

ಹಾರಾಟ ಹದಿನೈದು ನಿಮಿಷ. ಕೆಳಗಿನಿಂದ ನೋಡಿದರೆ ಎಂದಿನಂತೆ ಬಯಲಿನ ಸುತ್ತ ಎರಡು ಸುತ್ತು, ಎಡಕ್ಕೊಂದು ವಾಲು, ಬಲಕ್ಕೊಂದು ವಾಲು. ಎಡಕ್ಕೆ ವಾಲಿದಾಗ ರೆಕ್ಕೆ ಬಿಸಿಲಿಗೆ ಹೊಳೆಯಿತು, ಹುಡುಗಿ ಕೈ ಬೀಸಿದಳು. ಎಡಚಿ ಮೇಲೆ ನೋಡಲೇ ಇಲ್ಲ. ಪೈಲಟ್ ಆಮೇಲೆ ಹೇಳಿದ ಪ್ರಕಾರ ಮುಂದಿನ ಸೀಟಿನವಳು ಎಡಗಡೆಯ ಮೇಲ್ರೆಕ್ಕೆಯ ಕಡೆ ಎರಡೂ ಕೈ ಚಾಚಿ ಹಿಡಿಯಲು ಹೋಗುತ್ತಿದ್ದಳಂತೆ. ಪೂರ್ತಿ ಹೊತ್ತು ಏನೋ ಕೂಗುತ್ತಿದ್ದಳಂತೆ. ಎಂಜಿನ್ನಿನ ಸದ್ದು, ಗಾಳಿಯ ಸದ್ದು, ಒಂದು ಅಕ್ಷರವೂ ಕೇಳಿಸಲಿಲ್ಲ ಎಂದ.

ಇಳಿದ ಮೇಲೆ ಅವಳನ್ನು ಇಬ್ಬರು ಹಿಡಿದು ಎತ್ತಬೇಕಾಯಿತು. ಸೀಟು ಒದ್ದೆಯಾಗಿತ್ತು, ಸೀರೆಯ ಮೇಲೆಲ್ಲ ವಾಂತಿ. ಹಲ್ಲಿನ ಡಾಕ್ಟರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಸೀಟು ತೊಳೆಸಿ ಎಂದರು. ನಾನು ರೆಕ್ಕೆಯ ಹತ್ತಿರ ಹೋಗಿ ಏಣಿ ಹತ್ತಿ ಐದನೆಯ ಪಟ್ಟಿಯ ಮೇಲೆ ಅಂಗೈ ಒತ್ತಿ ನೋಡಿದೆ. ಹದಿನೆಂಟೂ ಗಂಟು ಕೈಗೆ ಸಿಕ್ಕವು, ಒಂದೊಂದೂ ಎರಡು ಗಂಟಿನಷ್ಟು ದಪ್ಪ. ಆ ರೆಕ್ಕೆ ಇನ್ನು ಇಪ್ಪತ್ತು ಜನರನ್ನು ಹೊತ್ತರೂ ಹರಿಯುತ್ತಿರಲಿಲ್ಲ. ಹರಿಯುವುದು ಎಡಚಿಗೆ ಬೇಕಾಗಿಯೂ ಇರಲಿಲ್ಲ, ಆ ಹದಿನೈದು ನಿಮಿಷ ಮಾತ್ರ ಬೇಕಾಗಿತ್ತು.

ಅದು ಸಿಕ್ಕ ಮೇಲೆ ಹುಡುಗಿಯ ಹತ್ತಿರ ಹೋದಳು. ಅಪ್ಪನ ರೆಕ್ಕೆಯಲ್ಲಿ ಬಿಟ್ಟುಹೋದ ಹದಿನಾಲ್ಕು ಗಂಟು ನಿನ್ನ ಅಮ್ಮನದು, ಮರದ ಮೇಲೆ ಗುರುತಿದೆ, ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ ಎಂದಳು. ಆರು ವರ್ಷ ಕಾದ ಮಾತು ಮೂರು ಉಸಿರಿನಲ್ಲಿ ಮುಗಿಯಿತು. ಹುಡುಗಿ ತಾಯಿಯ ಕಡೆ ತಿರುಗಿದಳು. ತಾಯಿ ಹುಲ್ಲಿನ ಮೇಲೆ ಕೂತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

“ನೋಡಿದ್ಯಲ್ಲ,” ಎಂದಳು. “ನಿಮ್ಮಪ್ಪನ್ನ ಕಳಿಸಿದ್ದು ಸಾಲ್ದು ಅಂತ ನನ್ನೂ ಕಳಿಸೋಕೆ ನೋಡಿದ್ಳು. ಕೇಳು ಬೇಕಾದ್ರೆ, ಹತ್ತೋಕ್ ಮುಂಚೆ ಏನಂದ್ಳು ಅಂತ ಕೇಳು.”

ಹುಡುಗಿ ಕೇಳಲಿಲ್ಲ. “ಗುರುತು ಎಲ್ಲಿದೆ? ತೋರಿಸು,” ಎಂದಳು ಅತ್ತೆಗೆ.

ಎಡಚಿ ವಿಮಾನದ ಕಡೆ ನೋಡಿದಳು. ತಾನೇ ಹೊದಿಸಿದ ಬಟ್ಟೆ, ತಾನೇ ಹಾಕಿದ ಜೋಡಿ ಗಂಟು, ತಾನೇ ಬಳಿದ ಬೆಳ್ಳಿ ಬಣ್ಣ, ತಮಟೆಯಂತೆ ಬಿಗಿದು ನಿಂತಿತ್ತು. ನನ್ನ ಹತ್ತಿರ ಓಡಿ ಬಂದಳು.

“ಯಜಮಾನ್ರೇ, ಅಂಗೈಯಷ್ಟು ಕೊಯ್ತೀನಿ. ಅರ್ಧ ಗಂಟೇಲಿ ತೇಪೆ ಹಾಕಿ ಕೊಡ್ತೀನಿ.”

ಡಾಕ್ಟರು ಆಗಲೇ ತೊಳೆದ ಸೀಟಿನ ಮೇಲೆ ಗೋಣಿ ಹಾಸಿಕೊಂಡು ಕೂತು ಕನ್ನಡಕ ಇಳಿಸಿಕೊಳ್ಳುತ್ತಿದ್ದರು. ಅದು ಈಗ ಅವರ ಸೊತ್ತು, ಆಗುವುದಿಲ್ಲ ಎಂದೆ.

“ಹಾಗಾದ್ರೆ ನೀವಾದ್ರೂ ಹೇಳಿ. ನೀವು ನೋಡಿದೀರಲ್ಲ.”

ಹುಡುಗಿಯೂ ನನ್ನ ಮುಖ ನೋಡಿದಳು. ಅತ್ತಿಗೆಯೂ ನೋಡಿದಳು. ಮುಂದಿನ ವಾರ ಇನ್ನೊಂದು ಹರಾಜಿನಿಂದ ಆರು ವಿಮಾನ ಬರುವುದಿತ್ತು. ಆರು ವಿಮಾನವೆಂದರೆ ಇಪ್ಪತ್ತನಾಲ್ಕು ರೆಕ್ಕೆ, ಪ್ರತಿ ರೆಕ್ಕೆಗೂ ಎರಡು ಬದಿ.

“ನನಗೆ ಹೊಲಿಗೆ ಗೊತ್ತಾಗಲ್ಲಮ್ಮ,” ಎಂದೆ.

ಎಂಜಿನ್ ಶುರುವಾಯಿತು. ಹುಡುಗಿ ತಾಯಿಯನ್ನು ತೋಳು ಹಿಡಿದು ಎಬ್ಬಿಸಿ, ಸೀರೆ ಕೊಡವಿ, ಗೇಟಿನ ಕಡೆ ನಡೆಸಿಕೊಂಡು ಹೋದಳು. ಎಡಚಿ ಹಿಂದೆ ನಾಲ್ಕು ಹೆಜ್ಜೆ ಹೋದಾಗ ಹುಡುಗಿ ರಸ್ತೆಯ ಆಚೆ ಬದಿಗೆ ದಾಟಿದಳು.

ಸೋಮವಾರ ಇಬ್ಬರೂ ಕೆಲಸಕ್ಕೆ ಬಂದರು. ಬರದೆ ಎಲ್ಲಿಗೆ ಹೋಗುತ್ತಾರೆ, ಆ ಹೊಲಿಗೆ ಕೊಳ್ಳುವವನು ನಾನೊಬ್ಬನೇ. ಈಗ ಅತ್ತಿಗೆಯ ಕೈ ನಡುಗುತ್ತದೆ, ಗಂಟಿನ ಕೆಲಸವೆಲ್ಲ ಎಡಚಿಯದೇ. ಮಧ್ಯಾಹ್ನ ಹುಡುಗಿ ಊಟದ ಡಬ್ಬಿ ತಂದು ರೆಕ್ಕೆಯ ಆಚೆ ಬದಿಗೆ ಇಟ್ಟು ಹೋಗುತ್ತಾಳೆ. ಈಚೆ ಬದಿಯವಳು ಅವಳ ಕಾಲನ್ನಷ್ಟೇ ರೆಕ್ಕೆಯ ಕೆಳಗಿನಿಂದ ನೋಡುತ್ತಾಳೆ.

ರೆಕ್ಕೆಯ ಬಟ್ಟೆಗೆ ಆಯಸ್ಸು ಐದು ವರ್ಷ. ಆಮೇಲೆ ಬಿಚ್ಚಲೇಬೇಕು, ಬಿಚ್ಚಿದಾಗ ಮರ ಕಾಣಲೇಬೇಕು. ಎಡಚಿ ಆ ಲೆಕ್ಕವನ್ನೇ ಹಿಡಿದುಕೊಂಡು ಕೂತಿದ್ದಾಳೆ. ಇದು ನಾಲ್ಕನೆಯ ವರ್ಷ. ಆಗಾಗ ಬಂದು ಹಲ್ಲಿನ ವಿಮಾನ ಎಲ್ಲಿದೆ ಎಂದು ವಿಚಾರಿಸುತ್ತಾಳೆ, ಹುಡುಗಿ ಮದುವೆಯಾಗಿ ಹೋಗುವ ಮುಂಚೆ ಅದು ವಾಪಸು ಬರುತ್ತದಲ್ಲ ಎಂದು ಕೇಳುತ್ತಾಳೆ. ಬರುತ್ತದೆ, ನನ್ನ ಹತ್ತಿರವೇ ಬರಬೇಕು, ಬೇರೆ ಯಾರಿದ್ದಾರೆ ಎನ್ನುತ್ತೇನೆ.

ಕೊಂಡ ನಾಲ್ಕೇ ತಿಂಗಳಿಗೆ ಡಾಕ್ಟರು ಬಾಯಲ್ಲಿ ಸಿಗರೇಟು ಇಟ್ಟುಕೊಂಡು ಪೆಟ್ರೋಲ್ ತುಂಬಿಸಲು ಹೋದರು. ಡಾಕ್ಟರು ಉಳಿದರು. ವಿಮಾನದಲ್ಲಿ ಉಳಿದದ್ದು ಎಂಜಿನ್ ಒಂದೇ, ಅದನ್ನು ನಾನೇ ಹೋಗಿ ತೂಕದ ಲೆಕ್ಕದಲ್ಲಿ ಕೊಂಡು ತಂದೆ. ಶೆಡ್ಡಿನ ಹಿಂದೆ ಬಿದ್ದಿದೆ. ಎಡಚಿ ಊಟವಾದ ಮೇಲೆ ಅದರ ಮೇಲೆ ಕೂತು ದಾರಕ್ಕೆ ಮೇಣ ಹಚ್ಚುತ್ತಾಳೆ.